ಭುಜದ ಮಟಾ

ಬರಿಗೈಗೆ ಕಣ್ಣು ಇರತಾವ.
ಮೂವತ್ತೊಂದು ವರ್ಷ ಇದ ಮಾತು ಹೇಳಕೋತ
ತೋಳು ಏರಿಸಿ, ಸಬಕಾರ ಸವರಿ,
ಮಹಾಲಿಂಗಪುರದ ಸುತ್ತ ಹನ್ನೆರಡು ಹಳ್ಳಿಯ ಎಮ್ಮಿಗಳ ಒಳಗ
ಕತ್ತಲದಾಗ ಕೈ ಆಡಿಸೇನಿ.
ಇದು ಗೊರಸು, ಇದು ಮೂತಿ, ಇದು ಹಿಂದಕ್ಕ ಹೊಳ್ಳಿದ ಕುತ್ತಿಗಿ,
ಬೆರಳ ತುದಿಗೆ ಗೊತ್ತಾಗತಿತ್ತು.
ಡಾಕ್ಟರ ಸಾಹೇಬ್ರು ಗೋಡಿ ಮಗ್ಗಲ ನಿಂತು
'ಲಗಮಪ್ಪ, ನೀ ಅದಿ ಅಂತ ನಾ ಅದೇನಿ' ಅಂತಿದ್ರು.

ಸರ್ಕಾರದ ಸಾಮಾನಿನ ಪಟ್ಟ್ಯಾಗ
ಉದ್ದನ್ನ ಕೈಗವಸು, ವರ್ಷಕ್ಕೊಂದು ಡಬ್ಬಿ.
ಯುಗಾದಿಗೆ ಬಂದ್ರ ಕಾರಹುಣ್ಣಿವಿಗೆ ಖಾಲಿ.
ಆಮ್ಯಾಲ ಸಕ್ಕರಿ ತಂದ ಪ್ಲಾಸ್ಟಿಕ್ಕು,
ಅದೂ ಇಲ್ಲಂದ್ರ ದೇವರು ಕೊಟ್ಟ ತೊಗಲು.

ಆ ವರ್ಷ ಅಕ್ಕಿಮರಡಿಯಾಗ
ಏಳು ತಿಂಗಳಿಗೆ ಕಂದು ಹಾಕಿದ ಎಮ್ಮಿ. ಮಾಸು ಬಿದ್ದಿರಲಿಲ್ಲ.
ಬೆಲ್ಲದ ಗಾಣದ ಬೆಂಕಿ ಬೆಳಕಿನಾಗ
ಒಂದೊಂದ ಗಂಟು ಬಿಡಿಸಿ ತಗದ್ನಿ.
ಹೆಬ್ಬೆರಳಿನ ಮ್ಯಾಲ ಕಬ್ಬಿನ ಗರಿ ಕೊಯ್ದ ಗೀರು ಇತ್ತು.
ಮನ್ಯಾಕಿ ಚಾ ಕೊಟ್ಟಳು. ಕುಡದ್ನಿ. ಬಂದ್ನಿ.

ಜ್ವರ ಸಂಜೀಗೆ ಬರತಿತ್ತು, ನಸಿಕಿಗೆ ಹೋಗತಿತ್ತು,
ರಾತ್ರಿ ಪಾಳಿಯ ವಾಚಮನ್ನಿನಾಂಗ.
ಬನೀನು ಹಿಂಡಿದ್ರ ತಂಬಿಗಿ ನೀರು.
'ನಿಮ್ಮ ಬೆವರಿಗೆ ತೊಯ್ದ ಕಣಿಕಿ ವಾಸನಿ ಐತಿ'
ಅಂದ್ಲು ನೀಲವ್ವ, ಹಾಸಿಗಿ ಬಿಸಲಿಗೆ ಹಾಕಕೋತ.
ಟೈಫಾಯಿಡ್ ಅಂದ್ರು. ಮಲೇರಿಯಾ ಅಂದ್ರು.
ಒಬ್ಬಾವ ವಯಸ್ಸು ಅಂದ.
ಬಾಗಲಕೋಟಿಯ ಲ್ಯಾಬಿನಾಗ ಒಬ್ಬ ಹುಡುಗಿ,
ಸೂಜಿ ಹಿಡಕೊಂಡಾಕಿ, ಕೇಳಿದ್ಲು:
'ಯಜಮಾನ್ರ, ನೀವು ಏನ ಕೆಲಸ ಮಾಡತೀರಿ?'
ನಾಕು ತಿಂಗಳಾಗ ಯಾರೂ ಕೇಳಿರಲಿಲ್ಲ.

ಕಂದು ರೋಗ.
ಹೊಟ್ಯಾಗ ಕರ ಇಲ್ಲದಾಂವಗ.
ಮಾರಿ ಅಷ್ಟ ಕಂದಿತ್ತು.

ಆರು ವಾರ ಮಾತ್ರಿ. ಉಚ್ಚಿ ಕುಂಕುಮದ ನೀರಿನಾಂಗ.
ಹೆಣ್ಣು ಕರಕ್ಕ ಸರ್ಕಾರ ಈ ರೋಗಕ್ಕ ಸೂಜಿ ಹಾಕಸತೈತಿ, ಪುಗಸಟ್ಟೆ,
ಕಿವಿಗೆ ಹಳದಿ ಓಲೆ, ಹನ್ನೆರಡು ಅಂಕಿ.
ಅದನ್ನ ಅವುಚಿ ಹಿಡಕೊಂಡ ನಿಂತಾವ ನಾ.
ಕರ ಒದ್ದು ಆ ಸೂಜಿ ನನಗ ತಾಗಿದ್ರ
ಅದಕ್ಕ ಮದ್ದು, ನನಗ ರೋಗ.

ಬಿಲ್ಲು ಹಚ್ಚಿದ್ನಿ. ಹೊಳ್ಳಿ ಬಂತು, ಕೆಂಪು ಶಾಯಿ:
'ರೋಗವು ಕರ್ತವ್ಯದಿಂದಲೇ ತಗುಲಿದ್ದಕ್ಕೆ ಪುರಾವೆ?
ಸದರಿ ಜಾನುವಾರಿನ ಕಿವಿಯೋಲೆ ಸಂಖ್ಯೆ ನಮೂದಿಸುವುದು.'
ಸಂಖ್ಯೆ ನನಗ ಬಾಯಿಪಾಠ.
ಬರದ್ರ ಡೇರಿಯವರು ಅಕಿ ಹಾಲು ಬಿಡಸತಾರ,
ಆ ಹಾಲಿನ ಮ್ಯಾಲ ಎರಡು ಹುಡುಗರ ಸಾಲಿ.
ಸೈಕಲ್ ತುಳಕೊಂಡ ಹೋಗಿ
'ಕುದಿಸಲಾರದ ಹಾಲು ಮುಟ್ಟಬ್ಯಾಡ ತಂಗಿ' ಅಂತ ಹೇಳಿ ಬಂದ್ನಿ.
ಹೇಳಿದ್ದು ಸಾಕಾತೋ ಇಲ್ಲೋ, ಇವತ್ತಿಗೂ ಗೊತ್ತಿಲ್ಲ.
ಕಾಲಂನ್ಯಾಗ ಬರದ್ನಿ:
ಮೂವತ್ತೊಂದು ವರ್ಷದ ಎಲ್ಲಾ ಎಮ್ಮಿ.

ಬಿಲ್ಲು ಇನ್ನೂ ಬಾಗಲಕೋಟ್ಯಾಗ ಐತಿ.
ಹ್ವಾದ ತಿಂಗಳ ಬ್ಯಾರೆ ಕಾಗದ ಬಂತು:
'ಜಾನುವಾರು ಮುಟ್ಟುವ ಸಿಬ್ಬಂದಿಗೆ ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ,
ಹುಚ್ಚುನಾಯಿ ರೋಗದ ಚುಚ್ಚುಮದ್ದು ಮುಂಚಿತವಾಗಿ,
ಕೈಗವಸು ಅಗತ್ಯವಿದ್ದಷ್ಟು. ವೆಚ್ಚ ಇಲಾಖೆಯದು.'
ಯಾರ ಜ್ವರಕ್ಕ ಬಂತು ಈ ಬುದ್ಧಿ, ಅದರಾಗ ಬರದಿಲ್ಲ.

ಹೊಸಾ ಹುಡುಗಿ ದಾನೇಶ್ವರಿ
ಗವಸು ಹಾಕ್ಕೊಂಡು ಎಮ್ಮಿ ಹಿಂದ ನಿಂತು
'ಕಾಕಾ, ಏನೂ ತಿಳೀವಲ್ದು, ಕೈ ಕುರುಡಾದಾಂಗ' ಅಂತಾಳ.
ನನ್ನ ಮಾತ ನನಗ ತಿರುಗಿ ಬಂತು.
'ಕುರುಡ ಇರಲಿ,' ಅಂದ್ನಿ, 'ತಡವರಿಸಕೋತ ಕಲೀತಿ.'

ಪೆನ್ಷನ್ನಿಗೆ ಮೂರು ತಿಂಗಳು ಉಳದಾವ.
ಡಬ್ಬಿಯಿಂದ ಒಂದೊಂದ ತಗದು
ತೂತು ಐತೇನು ನೋಡಾಕ ಬಾಯಿ ಹಚ್ಚಿ ಊದತೇನಿ.
ಐದು ಮೊಲಿಯ ಕೆಚ್ಚಲಾಗಿ ಉಬ್ಬತೈತಿ.
ಹಾಲಿಲ್ಲ ಒಳಗ, ಮುದುಕನ ಉಸಿರು.
ಗಟ್ಟಿ ಇದ್ದದ್ದು ಅಕಿ ಕೈಗೆ, ಸೋರಿದ್ದು ಈ ಕಡೆ.
ನೂರರಾಗ ಏಳು ತೂತು.
ಬರದಿಡವ್ವಾ, ಅಂದ್ನಿ, ತಾರೀಖು ಹಾಕಿ.
ನಾಳಿ ಯಾರರ ಪುರಾವೆ ಕೇಳತಾರ.